ಡಾಕ್ಟರು ಬಾರದ ಹತ್ತು ದಿನ

1983, ಏಪ್ರಿಲ್ 11
ಒಬಿತಾನಿ, ಒಕಾಯಾಮಾ

ಮಾನ್ಯ ಡಾಕ್ಟರ್ ಕುವಾಬಾರ ಅವರಿಗೆ,

ನಾನು ಮೊರಿವಾಕಿ ಇತ್ಸುಕೊ, ತತಾಮಿ ಚಾಪೆ ಮಾಡುವ ಸೆನ್‌ಕಿಚಿಯ ಮಗಳು. ಈಗ ಇಪ್ಪತ್ತಮೂರು ವರ್ಷ. 1966ರ ಬೇಸಿಗೆಯಲ್ಲಿ, ನನಗೆ ಆರು ವರ್ಷವಿದ್ದಾಗ, ನಿಮ್ಮ ದವಾಖಾನೆಯಲ್ಲಿ ಭೇದಿಗೆ ಔಷಧ ತೆಗೆದುಕೊಂಡೆ. ಅದೇ ಬೇಸಿಗೆಯಲ್ಲಿ ಎರಡೂ ಕಾಲು ಜೋಮು ಹಿಡಿದವು. ಆ ಜೋಮು ಇನ್ನೂ ಬಿಟ್ಟಿಲ್ಲ.

ಪ್ರತಿ ಹೊಸವರ್ಷಕ್ಕೆ ನಿಮಗೆ ಕಾರ್ಡು ಬರೆಯುತ್ತೇನೆ, ಹೆಸರು ನೆನಪಿರಬಹುದು. ಕಾರ್ಡಿನಲ್ಲಿ ಜಾಗ ಕಡಿಮೆ. ಆದ್ದರಿಂದ ಮೊದಲು ಧನ್ಯವಾದವನ್ನು ಸರಿಯಾಗಿ ಬರೆಯುತ್ತೇನೆ. ಆ ಬೇಸಿಗೆಯಲ್ಲಿ ನೀವು ದಿನಾ ಸಂಜೆ ನಮ್ಮ ಮನೆಗೆ ಬಂದಿರಿ. ಅಪ್ಪ ಚಾಪೆಗೆಂದು ಪೇರಿಸಿದ್ದ ಜೊಂಡಿನ ರಾಶಿಯಿಂದ ಒಂದು ಕಡ್ಡಿ ಎಳೆದುಕೊಂಡು ನನ್ನ ಅಂಗಾಲಿಗೆ ತಾಗಿಸಿ, "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಎಂದು ಕೇಳುತ್ತಿದ್ದಿರಿ. ನಾಲಿಗೆ ಹಸಿರಾದಾಗ ಅಮ್ಮ ಅತ್ತಳು. ನೀವು ಮಾತ್ರ, "ಇತ್ಸು ಪುಟ್ಟಮ್ಮನವರು ಕದ್ದು ಹುಲ್ಲು ಮೇಯ್ತಾರೆ ಅನ್ಸುತ್ತೆ" ಎಂದು ನಗಿಸಿದಿರಿ. ಆಮೇಲೆ ಕಣ್ಣೂ ಮಂಜಾಯಿತು. ಅದನ್ನು ನೀವು ಉಳಿಸಿದಿರಿ. ಇವತ್ತು ನಾನು ಚಾಪೆಯ ಅಂಚಿನ ಬಟ್ಟೆ ಹೊಲಿದು ಬದುಕುವುದು ಆ ಕಣ್ಣಿನಿಂದಲೇ.

ಈಗ ಕೇಳಬೇಕಾದ ವಿಷಯ. ಕಳೆದ ತಿಂಗಳು ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ಪರೀಕ್ಷಿಸಿ ಇದು ಸ್ಮೋನ್ ಎಂದು ಬರೆದುಕೊಟ್ಟರು. ಭೇದಿಗೆ ಕೊಡುತ್ತಿದ್ದ ಕಿನೊಫಾರ್ಮ್ ಎಂಬ ಔಷಧದಿಂದ ಬಂದದ್ದಂತೆ. ಬೆನ್ನುಹುರಿಯ ಹಿಂಭಾಗದಲ್ಲಿ ಮುಟ್ಟಿದ್ದನ್ನು ಮೇಲಕ್ಕೆ ತಿಳಿಸುವ ನರಗಳ ಕಟ್ಟು ಇರುತ್ತದೆ, ಅದರಲ್ಲಿ ಪಾದದಿಂದ ಹೊರಟವು ಎಲ್ಲಕ್ಕಿಂತ ಉದ್ದ, ಉದ್ದವಾದವು ಮೊದಲು ಕೆಡುತ್ತವೆ ಎಂದು ಅಲ್ಲಿಯ ಪ್ರೊಫೆಸರರು ವಿವರಿಸಿದರು. ಅಪ್ಪ ತಲೆಯಾಡಿಸಿ, "ಜೊಂಡೂ ಹಾಗೇ ಸ್ವಾಮಿ, ಉದ್ದ ಇದ್ದಷ್ಟೂ ತುದಿ ಮೊದಲು ಒಣಗುತ್ತೆ" ಎಂದರು. ಅದು ಸಣ್ಣ ವಯಸ್ಸಿನಲ್ಲಿ ಆದದ್ದರಿಂದ, ನೆಲ ಮುಟ್ಟಿದರೆ ಹೇಗಿರುತ್ತದೆ ಎಂಬುದನ್ನು ನಾನು ಸರಿಯಾಗಿ ಕಲಿಯುವ ಮೊದಲೇ ಮರೆತೆ ಎಂದೂ ಪ್ರೊಫೆಸರರು ಹೇಳಿದರು.

ಸ್ಮೋನ್ ರೋಗಿ ಎಂದು ನನ್ನನ್ನು ಅಧಿಕೃತವಾಗಿ ಒಪ್ಪಬೇಕಾದರೆ, ಆ ಔಷಧ ಕೊಟ್ಟ ವೈದ್ಯರ ಪ್ರಮಾಣಪತ್ರ ಬೇಕು. ನವೆಂಬರ್ ಕೊನೆಯೊಳಗೆ ಅರ್ಜಿ ಸಲ್ಲಿಸಬೇಕೆಂದು ವಕೀಲರು ಹೇಳಿದ್ದಾರೆ. ಪರಿಹಾರ ಬರುತ್ತದೆ, ಅದು ಇರಲಿ. ಅಪ್ಪನಿಗೆ ಬೇಕಾದದ್ದು ಬೇರೆ. ನಮ್ಮ ಬಾವಿಯಲ್ಲಿ ರೋಗವಿದೆ ಎಂದು ಆಗ ಎಲ್ಲರೂ ನಂಬಿದರು. ನೀವೂ ಹಾಗೇ ಭಾವಿಸಿ ಬಾವಿ ಮುಚ್ಚಿ ಎಂದಿರಿ, ಅಪ್ಪ ಕಲ್ಲು ಹಾಕಿ ಮುಚ್ಚಿದರು. ಜೊಂಡಿಗೆ ಚಿಮುಕಿಸುತ್ತಿದ್ದದ್ದು ಅದೇ ನೀರು. ಹಾಗಾಗಿ ರೋಗ ನಮ್ಮ ಚಾಪೆಯಲ್ಲೂ ಇದೆ ಎಂಬ ಮಾತು ಹರಡಿತು. ಪಕ್ಕದ ಓಕುಮ ಅತ್ತೆ ಇವತ್ತಿಗೂ ನಮ್ಮ ಬೇಲಿಯುದ್ದಕ್ಕೂ ಸುಣ್ಣ ಹಾಕುತ್ತಾರೆ. ಬಾವಿಯ ತಪ್ಪಲ್ಲ ಎಂದು ಒಂದು ಕಾಗದದ ಮೇಲೆ ಬರಬೇಕು, ಅಷ್ಟೇ ಅಪ್ಪನ ಆಸೆ.

ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ.

ನಿಮಗೆ ಋಣಿಯಾದ,
ಮೊರಿವಾಕಿ ಇತ್ಸುಕೊ


1983, ಜೂನ್ 2
ಮಾತ್ಸುಎ

ಕುಮಾರಿ ಇತ್ಸುಕೊ ಅವರಿಗೆ,

ಏಳು ವಾರ ತಡವಾಗಿ ಉತ್ತರಿಸುತ್ತಿದ್ದೇನೆ. ಆರೋಗ್ಯದ ಕಾರಣ ಎಂದು ಬರೆಯಬಹುದಿತ್ತು, ಆದರೆ ಆರೋಗ್ಯ ಚೆನ್ನಾಗಿದೆ.

1974ರಲ್ಲಿ ದವಾಖಾನೆ ಮುಚ್ಚಿದಾಗ ಹಳೆಯ ರೋಗಪತ್ರಗಳನ್ನು ನಿಯಮದ ಪ್ರಕಾರ ಸುಟ್ಟೆವು. ಬರೀ ನೆನಪಿನ ಮೇಲೆ ಪ್ರಮಾಣಪತ್ರ ಕೊಡುವುದು ವೈದ್ಯನಿಗೆ ಸಲ್ಲದು. ನಿಮಗೆ ನೆರವಾಗಲು ಸಾಧ್ಯವಿಲ್ಲವೆಂದು ವಿಷಾದಿಸುತ್ತೇನೆ.

ನಿಮ್ಮ ದೃಷ್ಟಿ ಚೆನ್ನಾಗಿರುವುದು ಸಮಾಧಾನದ ಸಂಗತಿ. ಅದಕ್ಕಾಗಿ ನನಗೆ ಧನ್ಯವಾದ ಹೇಳುವುದನ್ನು ದಯವಿಟ್ಟು ನಿಲ್ಲಿಸಿ.

ಕುವಾಬಾರ ತೇಯ್ಜೊ


1983, ಜೂನ್ 9
ಒಬಿತಾನಿ

ಮಾನ್ಯ ಡಾಕ್ಟರರಿಗೆ,

ಉತ್ತರ ಬಂತು. ತುಂಬ ಧನ್ಯವಾದ. ಇದು ಕಣ್ಣಿಗಾಗಿ ಅಲ್ಲ, ಉತ್ತರಕ್ಕಾಗಿ.

ಕಾಗದಗಳು ಸುಟ್ಟುಹೋಗಿದ್ದರೆ ಯಾರೇನು ಮಾಡಲಾದೀತು. ಅಪ್ಪನಿಗೆ ಪತ್ರ ಓದಿ ಹೇಳಿದೆ. ಸೂಜಿಗೆ ಮೇಣ ಸವರುತ್ತ, "ಪಾಪ, ಅವರಿಗೂ ವಯಸ್ಸಾಯ್ತು" ಎಂದರು. ಅಮ್ಮ ಹಾಗೆ ಅನ್ನಲಿಲ್ಲ.

ನಾನು ಹೇಗಿದ್ದೇನೆಂದು ನೀವು ಕೇಳಲಿಲ್ಲ. ಆದರೂ ವೈದ್ಯರಿಗೆ ತಿಳಿದಿರಲೆಂದು ಬರೆಯುತ್ತಿದ್ದೇನೆ. ನೋಡುತ್ತ ನಡೆದರೆ ಕೋಲಿಲ್ಲದೆ ನಡೆಯಬಲ್ಲೆ. ಕಣ್ಣು ಮುಚ್ಚಿದರೆ ಬೀಳುತ್ತೇನೆ. ಬೆಳಿಗ್ಗೆ ಮುಖ ತೊಳೆಯುವಾಗ ಒಂದು ಕೈಯಲ್ಲಿ ತೊಟ್ಟಿಯ ಅಂಚು ಹಿಡಿದು ಇನ್ನೊಂದು ಕೈಯಿಂದ ಅರ್ಧರ್ಧ ಮುಖ ತೊಳೆಯುತ್ತೇನೆ. ಮೊಣಕಾಲಿನಿಂದ ಕೆಳಗೆ ಯಾವಾಗಲೂ ಒದ್ದೆ ಬಟ್ಟೆ ಸುತ್ತಿ, ಅದರೊಳಗೆ ಮರಳು ತುಂಬಿದ ಹಾಗಿರುತ್ತದೆ. ಅಪ್ಪ ಹೊಸ ಚಾಪೆ ಹಾಸಿದಾಗಲೆಲ್ಲ ಅದರ ಮೇಲೆ ನನ್ನನ್ನೇ ಮೊದಲು ನಡೆಸುತ್ತಾರೆ. "ಹೇಗಿದೆ?" ಎನ್ನುತ್ತಾರೆ. "ನುಣುಪಾಗಿದೆ" ಎನ್ನುತ್ತೇನೆ. ನಾನು ಅದನ್ನು ಕಣ್ಣಿನಿಂದ ನೋಡಿ ಹೇಳುತ್ತೇನೆಂದು ಅವರಿಗೂ ಗೊತ್ತು.

ಇನ್ನು ತೊಂದರೆ ಕೊಡುವುದಿಲ್ಲ. ಹೊಸವರ್ಷದ ಕಾರ್ಡು ಮಾತ್ರ ಬರೆಯುತ್ತೇನೆ. ಅದನ್ನು ನಿಲ್ಲಿಸಲು ಮನಸ್ಸು ಒಪ್ಪುತ್ತಿಲ್ಲ.

ಇತ್ಸುಕೊ


1983, ಸೆಪ್ಟೆಂಬರ್ 24
ಮಾತ್ಸುಎ

ಇತ್ಸುಕೊ ಅವರೇ,

ನಾನು ಕುವಾಬಾರ ಚಿಯೊ, ತೇಯ್ಜೊನ ತಂಗಿ. ಅವನ ಹೆಂಡತಿ ತೀರಿಕೊಂಡ ಮೇಲೆ ನಮ್ಮಿಬ್ಬರ ಸಂಸಾರ ಒಂದೇ. ಅವನು ಅನ್ನ ಬೇಯಿಸುತ್ತಾನೆ, ನಾನು ಬಯ್ಯುತ್ತೇನೆ. ಈ ಪತ್ರ ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ.

ನಿಮ್ಮ ಜೂನ್ ತಿಂಗಳ ಪತ್ರವನ್ನು ಅವನು ಚಹಾ ಡಬ್ಬಿಯಲ್ಲಿ ಇಟ್ಟಿದ್ದಾನೆ. ಆ ಡಬ್ಬಿಯಲ್ಲಿ ಹದಿನೇಳು ಹೊಸವರ್ಷದ ಕಾರ್ಡುಗಳೂ ಇವೆ, ಎಲ್ಲ ನಿಮ್ಮವೇ. ಮೊದಲನೆಯದರಲ್ಲಿ ಅಕ್ಷರಕ್ಕಿಂತ ಕುರಿಯ ಚಿತ್ರ ದೊಡ್ಡದಾಗಿದೆ. ನಮಗೆ ಬಂದ ಬೇರೆ ಕಾರ್ಡುಗಳನ್ನೆಲ್ಲ ಫೆಬ್ರವರಿಯಲ್ಲಿ ನಾನೇ ಒಲೆಗೆ ಹಾಕುತ್ತೇನೆ.

"ಏನಣ್ಣ, ಆ ಹುಡುಗಿ ಏನು ಕೇಳಿದಾಳೆ?" ಎಂದೆ.

"ಏನೂ ಇಲ್ಲ. ಮುಖ ಹೇಗೆ ತೊಳೀತಾಳೆ ಅಂತ ಬರ್ದಿದಾಳೆ" ಎಂದ.

ಅದನ್ನು ಹೇಳಿ ಅನ್ನದ ಪಾತ್ರೆಯ ಮುಚ್ಚಳ ತೆಗೆದ. ಅನ್ನ ಇನ್ನೂ ಬೆಂದಿರಲಿಲ್ಲ. ಬೇಯುವ ಅನ್ನದ ಮುಚ್ಚಳ ತೆಗೆಯಬಾರದು ಎನ್ನುವವನು ಅವನೇ, ಇಷ್ಟು ವರ್ಷಗಳಲ್ಲಿ ಅವನು ಹಾಗೆ ತೆಗೆದದ್ದನ್ನು ನಾನು ಕಂಡಿಲ್ಲ.

ಅವನ ಪರವಾಗಿ ನಾನು ಏನೂ ಹೇಳುವಂತಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಅಕ್ಟೋಬರ್ 16, ಭಾನುವಾರ, ನಾವಿಬ್ಬರೂ ಮನೆಯಲ್ಲಿರುತ್ತೇವೆ. ಸರೋವರದ ಚಿಪ್ಪುಮೀನಿನ ಸಾರು ಮಾಡಿರುತ್ತೇನೆ. ಒಕಾಯಾಮಾದಿಂದ ರೈಲು ಬದಲಾಯಿಸದೆ ಬರಬಹುದು. ನಿಲ್ದಾಣದಿಂದ ಟ್ಯಾಕ್ಸಿ ಹಿಡಿಯಿರಿ. ನಮ್ಮ ಓಣಿಯ ಕಲ್ಲುಗಳು ಸಮವಾಗಿಲ್ಲ, ನೋಡಿಕೊಂಡು ನಡೆಯಿರಿ.

ಚಿಯೊ


1983, ಅಕ್ಟೋಬರ್ 18
ಮಾತ್ಸುಎ

ಶ್ರೀ ಮೊರಿವಾಕಿ ಸೆನ್‌ಕಿಚಿ ಅವರಿಗೆ,

ಹದಿಮೂರು ವರ್ಷಗಳ ಹಿಂದೆ ಬರೆಯಬೇಕಿದ್ದ ಪತ್ರ ಇದು.

ಭಾನುವಾರ ನಿಮ್ಮ ಮಗಳು ನಮ್ಮ ಮನೆಗೆ ಬಂದಿದ್ದರು. ಸಾರು ಚೆನ್ನಾಗಿತ್ತು, ಸರೋವರ ನೋಡಿದೆ ಎಂದಷ್ಟೇ ಅವರು ನಿಮಗೆ ಹೇಳಿರಬಹುದು. ಹೇಳದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ಊಟವಾಗುವವರೆಗೆ ಅವರು ಏನನ್ನೂ ಕೇಳಲಿಲ್ಲ. ಜೊಂಡಿನ ಬೆಳೆಯ ಬಗ್ಗೆ ಮಾತಾಡಿದರು. ನಿಮ್ಮ ಕಡೆ ಈಗ ಜೊಂಡು ಬೆಳೆಯುವವರೇ ಇಲ್ಲ, ಕುಮಾಮೊತೊದಿಂದ ತರಿಸಬೇಕು ಎಂದರು. ನಾನೂ ಅಂಥ ಮಾತನ್ನೇ ಆಡಿದೆ. ರೋಗಪತ್ರ ಸುಟ್ಟಿದ್ದೇನೆಂದು ಬರೆದ ಮನುಷ್ಯನಿಗೆ ಇನ್ನೇನು ಮಾತಿರುತ್ತದೆ. ಹೊರಡುವ ಮುಂಚೆ ಅವರು ಪಾಯಿಖಾನೆಗೆ ಹೋಗಿಬಂದರು. ಬಂದವರು ನೇರವಾಗಿ ಅತಿಥಿ ಕೋಣೆಯ ಚಾಪೆಯನ್ನು ದಾಟಿ ನನ್ನೆದುರು ಕೂತರು. ಕಾಲಿನಲ್ಲಿ ಪಾಯಿಖಾನೆಯ ಹಸಿರು ಚಪ್ಪಲಿಗಳಿದ್ದವು.

ಆ ಚಪ್ಪಲಿ ಆ ಬಾಗಿಲಿನಿಂದ ಹೊರಗೆ ಬರಬಾರದು. ತತಾಮಿಯ ಮೇಲಂತೂ ಮನೆಯೊಳಗಿನ ಚಪ್ಪಲಿಯನ್ನೂ ಯಾರೂ ತರುವುದಿಲ್ಲ. ಚಾಪೆ ಮಾಡುವ ಮನೆಯ ಮಗಳಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ಚಿಯೊ ತಡೆಯಲಾರದೆ, "ಅಯ್ಯೋ, ಚಪ್ಪಲಿ" ಎಂದಳು. ಇತ್ಸುಕೊ ಕೆಳಗೆ ನೋಡಿಕೊಂಡರು. ಮುಖ ಕೆಂಪಾಯಿತು. ಆದರೂ ನಕ್ಕು, "ಕ್ಷಮಿಸಿ ಅಜ್ಜಿ. ಇವತ್ತು ಮಾತಿನ ಮೇಲೆ ಗಮನ ಇತ್ತು, ಕಾಲು ನೋಡ್ಕೊಳ್ಳೋದು ಮರೆತೆ. ಹೋದ ವರ್ಷ ನನ್ನನ್ನ ನೋಡೋಕೆ ಬಂದ ಹುಡುಗನ ಮನೇಲೂ ಹೀಗೇ ಮಾಡ್ದೆ. ಅವರು ಕಾಫಿ ಕೊಟ್ಟು ಕಳಿಸಿದ್ರು, ಅಲ್ಲಿಗೆ ಮುಗೀತು" ಎಂದರು.

ನಾನು ಎದ್ದು ಅವರ ಮುಂದೆ ಮಂಡಿಯೂರಿದೆ. ನನ್ನ ಕೈಯಿಂದಲೇ ಆ ಚಪ್ಪಲಿಗಳನ್ನು ತೆಗೆದೆ. ಮೊದಲನೆಯದನ್ನು ತೆಗೆದದ್ದು ಅವರಿಗೆ ತಿಳಿಯಲಿಲ್ಲ. ಎರಡನೆಯದನ್ನು ಅವರು ನೋಡುತ್ತಿದ್ದರು. ನಮ್ಮ ಚಾಪೆ ಹಳೆಯದು, ಅಂಚು ಬಿಚ್ಚಿಕೊಂಡಿದೆ. ಅಲ್ಲಿಂದ ಜೊಂಡಿನ ಒಂದು ಎಳೆ ಎಳೆದು, ಕಣ್ಣು ಮುಚ್ಚಿಕೊಳ್ಳಿ ಎಂದೆ. ಅಂಗಾಲಿಗೆ ತಾಗಿಸಿ, "ಇಲ್ಲಿ ಗೊತ್ತಾಗುತ್ತಾ?" ಎಂದೆ. ಅವರು, "ಡಾಕ್ಟ್ರೇ, ಶುರು ಮಾಡಿದ್ರಾ?" ಎಂದರು. ಪಾದ, ಹಿಮ್ಮಡಿ, ಮೀನಖಂಡ. ಗೊತ್ತಾಯಿತು ಎಂದು ಅವರು ಹೇಳಿದ್ದು ಮೊಣಕಾಲಿನ ಬಳಿ.

ಆಗ ಒಳಗೆ ಹೋಗಿ ರೋಗಪತ್ರಗಳನ್ನು ತಂದೆ.

ಸುಟ್ಟದ್ದು ನಿಜ, ಆದರೆ ಎಲ್ಲವನ್ನೂ ಅಲ್ಲ. ಆ ಬೇಸಿಗೆಯಲ್ಲಿ ನಿಮ್ಮ ಬೀದಿಯಲ್ಲಿ ಕಾಲು ಜೋಮು ಹಿಡಿದವರು ಐದು ಜನ. ಐವರ ಪತ್ರಗಳೂ ನನ್ನಲ್ಲಿವೆ. ಇತ್ಸುಕೊ ಅವರದರಲ್ಲಿ ಪ್ರತಿ ಭೇಟಿಗೂ ಎರಡು ಪಾದಗಳ ಚಿತ್ರ ಬರೆದಿದ್ದೇನೆ. ಸ್ಪರ್ಶ ಎಲ್ಲಿಯವರೆಗೆ ಇಲ್ಲವೋ ಅಲ್ಲಿಗೆ ಗೆರೆ. ಜುಲೈ 29, ಬೆರಳು. ಆಗಸ್ಟ್ 9, ಹಿಮ್ಮಡಿ. ಆಗಸ್ಟ್ 20, ಮೊಣಕಾಲು. ಪಕ್ಕದಲ್ಲಿ ಔಷಧದ ಅಳತೆ. ಹೊಟ್ಟೆನೋವು ಹೆಚ್ಚಾಯಿತೆಂದು ಪ್ರತಿ ಬಾರಿಯೂ ಪ್ರಮಾಣ ಏರಿಸಿದ್ದೇನೆ. ಆ ಹೊಟ್ಟೆನೋವು ಔಷಧದಿಂದಲೇ ಬರುತ್ತಿತ್ತು. ಗೆರೆ ಏರಿದ್ದು, ಔಷಧ ಏರಿದ್ದು, ಎರಡೂ ಒಂದೇ ಹಾಳೆಯಲ್ಲಿ, ನನ್ನ ಕೈಬರಹದಲ್ಲೇ ಇವೆ. ನಾಲಿಗೆಯನ್ನು ಹಸಿರು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಆ ಹಸಿರೂ ಔಷಧದ್ದೇ. ಎಲ್ಲವನ್ನೂ ಬರೆದಿಟ್ಟುಕೊಂಡೆ, ಒಂದನ್ನೂ ಓದಲಿಲ್ಲ. ರೋಗಾಣುವನ್ನು ಹುಡುಕುತ್ತಿದ್ದೆ. ಅದು ನಿಮ್ಮ ಬಾವಿಯಲ್ಲಿ ಇದೆ ಎಂದೆ.

ಇನ್ನು ಕಣ್ಣಿನ ವಿಷಯ. ಇದನ್ನು ಬರೆಯಬೇಕೆಂದೇ ಪತ್ರ ನಿಮಗೆ ಬರೆಯುತ್ತಿದ್ದೇನೆ.

ಆಗಸ್ಟ್ ಕೊನೆಯಲ್ಲಿ ಮಗುವಿಗೆ ಕಣ್ಣು ಮಂಜಾಗತೊಡಗಿತು. ಆಗಸ್ಟ್ 31ರಂದು ನನ್ನ ತಾಯಿ ಇಲ್ಲಿ ತೀರಿಕೊಂಡರು. ನಾನು ಮಾತ್ಸುಎಗೆ ಬಂದು ಹತ್ತು ದಿನ ಉಳಿದೆ. ಕೊಟ್ಟಿದ್ದ ಔಷಧದ ಪೊಟ್ಟಣಗಳು ಎರಡನೆಯ ದಿನವೇ ಮುಗಿದಿದ್ದವು ಎಂದು ನಿಮ್ಮ ಪತ್ನಿ ಆಮೇಲೆ ಹೇಳಿದರು. ವಾಪಸು ಬಂದಾಗ ಮಗು ಕ್ಯಾಲೆಂಡರಿನ ದೊಡ್ಡ ಅಂಕಿಗಳನ್ನು ಓದುತ್ತಿತ್ತು. ಭೇದಿ ನಿಂತಿತ್ತು. ನಾನು ಮತ್ತೆ ಔಷಧ ಕೊಡಲಿಲ್ಲ, ಮೊದಲು ಕೊಟ್ಟದ್ದು ಈಗ ಫಲಿಸಿತು ಎಂದುಕೊಂಡೆ. ನೀವು ಆವತ್ತು ಒಂದು ಜೊತೆ ಹೊಸ ಚಾಪೆ ಹೊತ್ತು ತಂದು ದವಾಖಾನೆಯಲ್ಲಿ ಹಾಸಿ, ನೆಲಕ್ಕೆ ಹಣೆ ಮುಟ್ಟಿಸಿದಿರಿ. ನಾನು ಅದನ್ನು ಸ್ವೀಕರಿಸಿದೆ.

ನಿಮ್ಮ ಮಗಳ ಕಣ್ಣನ್ನು ಉಳಿಸಿದ್ದು ನಾನಲ್ಲ, ನಾನು ಬಾರದ ಹತ್ತು ದಿನ.

1970ರ ಸೆಪ್ಟೆಂಬರಿನಲ್ಲಿ, ಕಿನೊಫಾರ್ಮ್ ಮಾರಾಟ ನಿಷೇಧಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಸಂಜೆಯೇ ನನಗೆ ಅರ್ಥವಾಯಿತು. ನಿಮ್ಮ ಮನೆ ದವಾಖಾನೆಯಿಂದ ಮುನ್ನೂರು ಹೆಜ್ಜೆ. ನಾನು ಬರಲಿಲ್ಲ. ನಾಲ್ಕು ವರ್ಷ ಬರಲಿಲ್ಲ. ಆಮೇಲೆ ಊರನ್ನೇ ಬಿಟ್ಟೆ. ಹೊಸವರ್ಷಕ್ಕೆ ಮಾತ್ರ ಕಾರ್ಡು ಬರುತ್ತಿತ್ತು, ಕಣ್ಣು ಉಳಿಸಿದ್ದಕ್ಕೆ ಧನ್ಯವಾದ ಎಂದು.

ಪ್ರಮಾಣಪತ್ರವನ್ನು, ಐವರ ರೋಗಪತ್ರಗಳ ಮೂಲಪ್ರತಿಗಳನ್ನು ಇವತ್ತೇ ವಕೀಲರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಬಾವಿಯಲ್ಲಿ ರೋಗವಿದೆ ಎಂದು ನಾನು ಹೇಳಿದ್ದಕ್ಕೆ ಆಗಲೂ ಆಧಾರವಿರಲಿಲ್ಲ ಎಂದು ಬೇರೆ ಹಾಳೆಯಲ್ಲಿ ಬರೆದು, ಮೊಹರು ಒತ್ತಿ, ಇದರೊಂದಿಗೆ ಇಟ್ಟಿದ್ದೇನೆ. ಅದನ್ನು ಯಾರಿಗೆ ಬೇಕಾದರೂ ತೋರಿಸಿ.

ಬೀಳ್ಕೊಳ್ಳುವಾಗ ಇತ್ಸುಕೊ ನನಗೆ ತಲೆಬಾಗಿ, "ಹೇಳಿದ್ದಕ್ಕೆ ಧನ್ಯವಾದ" ಎಂದರು. ಈ ಬಾರಿ ಅದನ್ನು ನಿಲ್ಲಿಸಿ ಎನ್ನಲು ನನಗೆ ಆಗಲಿಲ್ಲ.

ಕುವಾಬಾರ ತೇಯ್ಜೊ


1983, ನವೆಂಬರ್ 6
ಒಬಿತಾನಿ

ಮಾನ್ಯ ಡಾಕ್ಟರರಿಗೆ,

ಇದು ಅಪ್ಪನ ಪತ್ರ. ಅವರು ಚಾಪೆ ಹೊಲಿಯುತ್ತ ಹೇಳುತ್ತಾರೆ, ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಹೇಳಿದ್ದನ್ನು ತಿದ್ದದೆ ಬರೆಯಬೇಕೆಂದು ಅಪ್ಪಣೆಯಾಗಿದೆ.

"ಡಾಕ್ಟ್ರೇ, ನಿಮ್ಮ ಕಾಗದ ಬಂದು ಎರಡು ವಾರದ ಮೇಲಾಯ್ತು. ಸಿಟ್ಟಿಲ್ಲ ಅಂತ ಹೇಳೋದಿಲ್ಲ. ಮೊದಲ ಎರಡು ದಿನ ಎಷ್ಟು ಸಿಟ್ಟಿತ್ತು ಅಂದ್ರೆ, ದೇವಸ್ಥಾನದ ಚಾಪೆಗೆ ಅಂಚು ಉಲ್ಟಾ ಹೊಲಿದುಬಿಟ್ಟೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಬಿಚ್ಚಿ ಮತ್ತೆ ಹೊಲಿಯೋಷ್ಟರಲ್ಲಿ ಸ್ವಲ್ಪ ಇಳೀತು."

ಇಲ್ಲಿ ಅಪ್ಪ ದಾರ ಎಳೆಯುತ್ತಿದ್ದಾರೆ. ಮೊಣಕೈಯಿಂದ ಒತ್ತಿ ಎಳೆಯಬೇಕು, ಆಗ ಮಾತಾಡುವುದಿಲ್ಲ.

"ಮುನ್ನೂರು ಹೆಜ್ಜೆ ಅಂತ ಬರ್ದಿದ್ದೀರಿ. ತಪ್ಪು. ಮುನ್ನೂರ ನಲವತ್ತು. ಮಗು ಎತ್ಕೊಂಡು ನಾನೇ ಎಣಿಸಿದೀನಿ. ಅಷ್ಟನ್ನ ನೀವು ದಿನಾ ಸಂಜೆ ನಡೆದ್ರಿ. ಊರಿನವರು ನಮ್ಮ ಬಾಗಿಲಿಗೆ ಬರೋದು ಬಿಟ್ಟಾಗ ಬರ್ತಾ ಇದ್ದವರು ನೀವೊಬ್ಬರೇ. ಔಷಧ ವಿಷ ಆಗಿತ್ತು, ಸರಿ. ನೀವು ಬಂದದ್ದು ವಿಷ ಅಲ್ಲ. ಎರಡನ್ನೂ ಒಂದೇ ಕಟ್ಟಿಗೆ ಕಟ್ಟಬೇಡಿ. ಆ ಪಾದದ ಚಿತ್ರಗಳನ್ನ ಸುಡದೆ ಇಟ್ರಲ್ಲ, ಅದಕ್ಕೆ ನಾನು ಋಣಿ. ಸುಟ್ಟಿದ್ರೆ ನಿಮಗೆ ಸುಲಭ ಆಗ್ತಿತ್ತು."

ಅಮ್ಮ ಅಡುಗೆಮನೆಯಿಂದ, "ಎಪ್ಪತ್ತರಲ್ಲೇ ಹೇಳಿದ್ದಿದ್ರೆ ನಮಗೂ ಸುಲಭ ಆಗ್ತಿತ್ತು, ಅದನ್ನೂ ಬರಿ" ಎಂದರು. ಬರೆದೆ. ಅಪ್ಪ ಬೇಡ ಎನ್ನಲಿಲ್ಲ.

ನೀವು ಮೊಹರು ಒತ್ತಿದ ಹಾಳೆಯನ್ನು ಅಪ್ಪ ಮೊದಲು ತೋರಿಸಿದ್ದು ಓಕುಮ ಅತ್ತೆಗೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಹಾಗಾದ್ರೆ ಇಷ್ಟು ವರ್ಷದ ಸುಣ್ಣ ದಂಡ" ಎಂದರು. ಸಂಜೆ ಒಂದು ಬುಟ್ಟಿ ಪರ್ಸಿಮನ್ ಹಣ್ಣು ತಂದು ಬೇಲಿಯ ಮೇಲಿನಿಂದ ಕೊಟ್ಟರು. ಬಾಗಿಲಿನಿಂದ ಬರಲಿಲ್ಲ. ಅದಕ್ಕೂ ಸಮಯ ಬೇಕಾಗಬಹುದು. ಅರ್ಜಿ ಸಲ್ಲಿಕೆಯಾಗಿದೆ. ಉಳಿದ ನಾಲ್ವರಲ್ಲಿ ಬದುಕಿರುವ ಮೂವರಿಗೂ ವಕೀಲರು ಬರೆದಿದ್ದಾರೆ.

ಈಗ ಅಪ್ಪ ಸೂಜಿ ಕೆಳಗಿಟ್ಟಿದ್ದಾರೆ.

"ಬಾವಿ ತೆಗೀಬೇಕು ಅಂತ ತೀರ್ಮಾನ ಮಾಡಿದೀನಿ. ಇಪ್ಪತ್ತೇಳನೇ ತಾರೀಖು, ಭಾನುವಾರ. ಕಲ್ಲು ದೊಡ್ಡದು, ನಾಲ್ಕು ಜನ ಬೇಕು. ಮೂರು ಜನ ಸಿಕ್ಕಿದಾರೆ. ಕುಡಿಯೋದು ಆಮೇಲೆ, ಆರೋಗ್ಯ ಕಚೇರಿಯವರು ಪರೀಕ್ಷೆ ಮಾಡ್ಲಿ. ಮೊದಲ ಕೊಡದ ನೀರು ಜೊಂಡಿಗೆ. ಆ ಜೊಂಡಲ್ಲಿ ನಿಮ್ಮ ಅತಿಥಿ ಕೋಣೆಗೆ ಚಾಪೆ ನೇಯ್ತೀನಿ. ಅಂಚು ಬಿಚ್ಚಿಹೋಗಿದೆ ಅಂತ ಇತ್ಸು ಹೇಳಿದ್ಲು. ಡಾಕ್ಟರ ಮನೇಲಿ ಅಂಥ ಚಾಪೆ ಇರಬಾರ್ದು. ಈ ಸಲ ನೆಲಕ್ಕೆ ಹಣೆ ಮುಟ್ಟಿಸೋದಿಲ್ಲ, ಅದು ಒಂದು ಸಲ ಆಯ್ತು. ನಾಲ್ಕನೇ ಜನ ನೀವೇ ಬರಬೇಕು ಅಂತ ನನ್ನ ಮನಸ್ಸು. ಎಪ್ಪತ್ತೊಂದು ವರ್ಷದವರು ಕಲ್ಲು ಎತ್ತೋಕೆ ಆಗೋದಿಲ್ಲ, ಗೊತ್ತು. ಕೈ ಮುಟ್ಟಿಸಿದ್ರೆ ಸಾಕು."

ಇದಿಷ್ಟು ಅಪ್ಪ ಹೇಳಿದ್ದು. ನನ್ನದೂ ಒಂದೆರಡು ಸಾಲು.

ಆ ಹತ್ತು ದಿನ ನನಗೂ ನೆನಪಿದೆ. ನೀವು ಯಾಕೆ ಬರಲಿಲ್ಲ ಎಂದು ದಿನಾ ಸಂಜೆ ಅಮ್ಮನನ್ನು ಕೇಳುತ್ತಿದ್ದೆ. ನಿಮ್ಮ ತಾಯಿ ತೀರಿಕೊಂಡದ್ದರಿಂದ ನನಗೆ ಕಣ್ಣು ಉಳಿಯಿತು ಎಂದು ಈಗ ತಿಳಿಯಿತು. ಅವರ ಹೆಸರು ನನಗೆ ಗೊತ್ತಿಲ್ಲ. ಬರೆದು ಕಳಿಸಿ. ಜನವರಿಯ ಕಾರ್ಡು ನಿಮ್ಮ ಹೆಸರಿಗೇ ಬರುತ್ತದೆ, ಆದರೆ ಅದರಲ್ಲಿ ಕಣ್ಣಿನ ಧನ್ಯವಾದ ಅವರಿಗೆ ಇರುತ್ತದೆ. ನಿಮಗೆ ಜೊಂಡಿನ ಕಡ್ಡಿಗಾಗಿ.

ಇಪ್ಪತ್ತೇಳರವರೆಗೆ ಕಾಯುವುದಕ್ಕೆ ಕಾರಣ ಅಮ್ಮ. ಮುಚ್ಚಿದ ಕಲ್ಲಿನ ಮೇಲೆ ಅವರು ಇಷ್ಟು ವರ್ಷ ಸೇವಂತಿಗೆಯ ಕುಂಡಗಳನ್ನು ಇಟ್ಟಿದ್ದಾರೆ. ಈಗ ತುಂಬ ಹೂ ಇದೆ. ಹೂ ಮುಗಿಯುವವರೆಗೆ ಕುಂಡ ಕದಲಿಸಬಾರದಂತೆ. ಅಪ್ಪ ಹೊಸ ಹಗ್ಗವನ್ನೂ ಬಕೆಟ್ಟನ್ನೂ ತಂದು ಬಾವಿಯ ಪಕ್ಕದಲ್ಲಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಹೋಗಿ ಹೂವನ್ನು ನೋಡಿ ಬರುತ್ತಾರೆ.

ಇತ್ಸುಕೊ
(ಮತ್ತು ಸೆನ್‌ಕಿಚಿ)